ಅಳಿದ ಸಭಾಮಂದಿರ, ಉಳಿದ ಅಚ್ಚು: ಸ್ಮರಣೆಯ ಹಕ್ಕನ್ನು ಕುರಿತು

ಯೆಹೂದಿಗಳ ಪ್ರಾರ್ಥನಾಸ್ಥಳವಾದ ಸಿನಗಾಗ್‌ಗೆ ಕನ್ನಡ ಬೈಬಲ್ಲಿನ ಅನುವಾದಕರು 'ಸಭಾಮಂದಿರ' ಎಂಬ ಪದವನ್ನು ಬಳಸಿದ್ದಾರೆ. ಅನುವಾದದ ಅಭ್ಯಾಸಿಗಳು ಗಮನಿಸಬೇಕಾದ ಆಯ್ಕೆಯಿದು. 'ದೇವಾಲಯ' ಎಂಬ ಸಿದ್ಧ ಪದವನ್ನು ಜೆರೂಸಲೇಮಿನ ಒಂದೇ ಆಲಯಕ್ಕೆ ಮೀಸಲಿಟ್ಟು, ಊರೂರಿನ ಪ್ರಾರ್ಥನಾಸ್ಥಳಕ್ಕೆ ಅವರು ಬೇರೆಯ ಪದವನ್ನೇ ಕಟ್ಟಿದರು. ಹೀಬ್ರೂವಿನ 'ಬೇತ್ ಕ್ನೆಸೆತ್' ಎಂದರೆ ಜನ ಕೂಡುವ ಮನೆ. 'ಸಿನಗಾಗ್' ಎಂಬುದರ ಗ್ರೀಕ್ ಮೂಲಕ್ಕೂ ಕೂಟವೆಂದೇ ಅರ್ಥ. ಪೂರ್ವ ಯೂರೋಪಿನ ಯೆಹೂದಿಗಳು ತಮ್ಮ ಯಿಡ್ಡಿಷ್ ನುಡಿಯಲ್ಲಿ ಅದನ್ನು 'ಶೂಲ್' ಎಂದು ಕರೆದರು. ಅದು ಶಾಲೆ ಎಂಬರ್ಥದ ಮಾತು. ಅಲ್ಲಿ ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ. ತೋರಾ ಗ್ರಂಥದ ಸುರುಳಿಗಳನ್ನಿಡುವ ಪೆಟ್ಟಿಗೆ, ಅವನ್ನು ಬಿಚ್ಚಿ ಓದುವ ಜಗಲಿ, ಸುತ್ತ ಕೂರುವ ಜನ, ಇಷ್ಟೇ. ಸಂಪ್ರದಾಯದ ಪ್ರಕಾರ ಹತ್ತು ಮಂದಿ ವಯಸ್ಕ ಪುರುಷರು ಕೂಡದೆ ಸಾಮೂಹಿಕ ಪ್ರಾರ್ಥನೆ ನಡೆಯುವಂತಿಲ್ಲ. ಆದ್ದರಿಂದ ಒಂದು ಸಭಾಮಂದಿರ ಅಳಿಯಿತು ಎಂದಾಗ ಅಳಿಯುವುದು ಎರಡು: ಕಟ್ಟಡ ಮತ್ತು ಕೂಟ.

ಅಳಿದುಹೋದ ಸಿನಗಾಗ್‌ಗಳನ್ನು ಅಚ್ಚುಚಿತ್ರಗಳ ಮೂಲಕ ಸ್ಮರಿಸುವ ಪ್ರಯತ್ನಗಳು ಕಳೆದ ನೂರು ವರ್ಷಗಳಲ್ಲಿ ಹಲವು ನಡೆದಿವೆ. ಮರದಚ್ಚು, ಕಲ್ಲಚ್ಚು, ಲಿನೋ ಅಚ್ಚು, ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆಯುವ ಎಚ್ಚಿಂಗ್, ಹೀಗೆ ಎಲ್ಲ ವಿಧಾನಗಳೂ ಇದಕ್ಕೆ ಬಳಕೆಯಾಗಿವೆ. ಇಂಥ ಚಿತ್ರಗಳ ಬಗ್ಗೆ ಬರುವ ಬರೆಹಗಳಲ್ಲಿ ಒಂದು ಧಾಟಿ ನೆಲೆಗೊಂಡುಬಿಟ್ಟಿದೆ. ಕಟ್ಟಡವನ್ನು ಸುಡಬಹುದು, ಚಿತ್ರವನ್ನು ಸುಡಲಾಗದು. ಅಚ್ಚಿಗೆ ಹಲವು ಪ್ರತಿಗಳಿರುವುದರಿಂದ ಅದು ನಾಶವನ್ನು ಗೆಲ್ಲುತ್ತದೆ. ಕಲೆ ಶ್ರದ್ಧಾಂಜಲಿಯಾಗುತ್ತದೆ, ಎಂಬ ಧಾಟಿ. ಈ ಮಾತುಗಳಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಅಚ್ಚು ಎಂಬ ಮಾಧ್ಯಮವನ್ನು ಅವು ತೀರ ಮುಗ್ಧವೆಂದು ಭಾವಿಸುತ್ತವೆ ಎಂಬುದು ನನ್ನ ತಕರಾರು. ತಗಡು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ಅಳಿದ ಸಭಾಮಂದಿರವೊಂದನ್ನು ಕುರಿತ ಅಚ್ಚುಚಿತ್ರಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಪ್ರಸಿದ್ಧವೂ ಆದ ಜೋಡಿಯನ್ನು ರಚಿಸಿದವನು ಶೋಕಿಸುವವನಲ್ಲ, ಕೆಡವಿದವರಲ್ಲಿ ಒಬ್ಬ.

ದಕ್ಷಿಣ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಮೇಲಿರುವ ರೇಗನ್ಸ್‌ಬುರ್ಗ್, ಮಧ್ಯಯುಗದ ಯೆಹೂದಿ ವಿದ್ವತ್ತಿನ ದೊಡ್ಡ ಕೇಂದ್ರಗಳಲ್ಲಿ ಒಂದು. ಅಲ್ಲಿ 13ನೆಯ ಶತಮಾನದಲ್ಲಿ ಕಟ್ಟಿದ ಕಲ್ಲಿನ ಸಿನಗಾಗ್ ಇತ್ತು. ಯೆಹೂದಿಗಳಿಗೆ ಚಕ್ರವರ್ತಿಯ ರಕ್ಷಣೆಯಿದ್ದುದರಿಂದ ಅವರನ್ನು ಹೊರಹಾಕಲು ನಗರಸಭೆಗೆ ಬಹುಕಾಲ ಸಾಧ್ಯವಾಗಿರಲಿಲ್ಲ. 1519ರ ಜನವರಿಯಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ತೀರಿಕೊಂಡ. ಹೊಸ ಚಕ್ರವರ್ತಿ ಬರುವ ಮೊದಲಿನ ಆ ತೆರವಿನಲ್ಲಿ ನಗರಸಭೆ ಕಾರ್ಯಪ್ರವೃತ್ತವಾಯಿತು. ಪ್ರಧಾನ ಚರ್ಚಿನ ಉಪದೇಶಕನಾಗಿದ್ದ ಬಾಲ್ತಜಾರ್ ಹುಬ್‌ಮೈಯರ್ ಮೊದಲೇ ಜನರನ್ನು ಕೆರಳಿಸಿದ್ದ. (ಮುಂದೆ ಈತನೇ ಭಿನ್ನಮತೀಯನೆನಿಸಿ 1528ರಲ್ಲಿ ವಿಯೆನ್ನಾದಲ್ಲಿ ಸುಡಲ್ಪಟ್ಟ.) ಫೆಬ್ರವರಿ 21ರಂದು ಯೆಹೂದಿಗಳಿಗೆ ಆಜ್ಞೆಯನ್ನು ತಿಳಿಸಲಾಯಿತು: ಎರಡು ಗಂಟೆಯೊಳಗೆ ಸಿನಗಾಗನ್ನು ತೆರವು ಮಾಡಬೇಕು, ಐದು ದಿನಗಳಲ್ಲಿ ನಗರವನ್ನು ಬಿಡಬೇಕು. ಈ ಆಜ್ಞೆಯನ್ನು ಹೊತ್ತುಹೋದವರಲ್ಲಿ ನಗರದ ಹೊರಸಭೆಯ ಸದಸ್ಯನಾಗಿದ್ದ ಚಿತ್ರಕಾರ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರನೂ ಇದ್ದ.

ಕೆಡವುವ ಮುನ್ನ ಆಲ್ಟ್‌ಡಾರ್ಫರ್ ಕಟ್ಟಡವನ್ನು ನೋಡಿ ಬರೆದುಕೊಂಡ. ಕಬ್ಬಿಣದ ತಗಡಿನ ಮೇಲೆ ಎರಡು ಎಚ್ಚಿಂಗ್‌ಗಳನ್ನು ಮಾಡಿದ. ಅಂಗೈಗಿಂತ ತುಸು ದೊಡ್ಡವಷ್ಟೇ ಆದ ಚಿತ್ರಗಳವು. ಒಂದರಲ್ಲಿ ಮುಂಭಾಗದ ಮೊಗಸಾಲೆಯಿದೆ. ಅಲ್ಲಿ ಇಬ್ಬರು ಯೆಹೂದಿಗಳಿದ್ದಾರೆ, ಒಬ್ಬನ ಕೈಯಲ್ಲಿ ಗ್ರಂಥವಿದೆ. ಇನ್ನೊಂದರಲ್ಲಿ ಒಳಾಂಗಣ: ನಡುವೆ ಕಂಬಗಳ ಸಾಲು, ಕಮಾನುಗಳು ಕೂಡುವ ಛಾವಣಿ, ಮಧ್ಯದಲ್ಲಿ ಓದುವ ಜಗಲಿ. ಅಲ್ಲಿ ಯಾರೂ ಇಲ್ಲ. ನಿರ್ದಿಷ್ಟವಾದ ಒಂದು ಕಟ್ಟಡವನ್ನು ಇದ್ದದ್ದು ಇದ್ದಂತೆ ದಾಖಲಿಸಿದ ಯೂರೋಪಿನ ಮೊದಮೊದಲ ಅಚ್ಚುಚಿತ್ರಗಳಲ್ಲಿ ಇವು ಸೇರುತ್ತವೆ ಎಂದು ಕಲಾಚರಿತ್ರಕಾರರು ಗುರುತಿಸಿದ್ದಾರೆ. ಒಳಾಂಗಣದ ಚಿತ್ರದ ಮೇಲ್ಭಾಗದಲ್ಲಿ ಲ್ಯಾಟಿನ್ ಬರೆಹವೊಂದಿದೆ. ಕ್ರಿಸ್ತಶಕ 1519ರಲ್ಲಿ ರೇಗನ್ಸ್‌ಬುರ್ಗಿನ ಯೆಹೂದಿ ಸಿನಗಾಗ್ ದೇವರ ನ್ಯಾಯವಾದ ತೀರ್ಪಿನಂತೆ ಬುಡಸಮೇತ ನೆಲಸಮವಾಯಿತು ಎಂಬುದು ಅದರ ತಾತ್ಪರ್ಯ. ಇಲ್ಲಿನ ವಾಕ್ಯರಚನೆಯನ್ನು ವ್ಯಾಕರಣದ ಕಣ್ಣಿನಿಂದ ನೋಡಬೇಕು. ಕ್ರಿಯಾಪದ ಕರ್ಮಣಿಯಲ್ಲಿದೆ. ಕೆಡವಿದ ನಗರಸಭೆಯಾಗಲಿ, ಆಜ್ಞೆ ತಲುಪಿಸಿದ ಚಿತ್ರಕಾರನಾಗಲಿ ಅಲ್ಲಿ ಕರ್ತೃಸ್ಥಾನದಲ್ಲಿ ಇಲ್ಲ; ತೀರ್ಪು ದೇವರದಾಗಿಬಿಟ್ಟಿದೆ.

ಹಾಗಾದರೆ ಆ ಚಿತ್ರಗಳು ಯಾವ ಬಗೆಯ ಸ್ಮಾರಕ? ಕೆಲವು ವಿದ್ವಾಂಸರು ಒಳಾಂಗಣದ ಆ ನಿಶ್ಶಬ್ದದಲ್ಲಿ, ನೆರಳುಗಳ ದಟ್ಟಣೆಯಲ್ಲಿ ಒಂದು ಬಗೆಯ ವಿಷಾದವನ್ನು ಕಂಡಿದ್ದಾರೆ. ಚಿತ್ರಕಾರನ ಕೈ ನಗರಸಭಾಸದಸ್ಯನ ನಾಲಿಗೆಗಿಂತ ಪ್ರಾಮಾಣಿಕವಾಗಿತ್ತು ಎಂಬ ವಾದವನ್ನು ಅವರು ಸೂಚಿಸುತ್ತಾರೆ. ನನಗೆ ಇದನ್ನು ಒಪ್ಪಲು ಕಷ್ಟ. ಸಿನಗಾಗ್ ಇದ್ದ ಜಾಗದಲ್ಲಿ ಕೂಡಲೇ 'ಸುಂದರ ಮರಿಯಾ' ಹೆಸರಿನ ಮರದ ಪ್ರಾರ್ಥನಾಲಯ ಎದ್ದಿತು. ಕೆಡವುವಾಗ ಬಿದ್ದು ಗಾಯಗೊಂಡ ಕಲ್ಲುಕುಟಿಗನೊಬ್ಬ ಪವಾಡದಿಂದ ಚೇತರಿಸಿಕೊಂಡ ಎಂಬ ಸುದ್ದಿ ಹಬ್ಬಿ ಯಾತ್ರಿಕರು ಸಾವಿರಗಟ್ಟಲೆ ಬಂದರು. ಆ ಯಾತ್ರಿಕರಿಗಾಗಿ ಮರಿಯಾಳ ಬಣ್ಣದ ಮರದಚ್ಚನ್ನು ರಚಿಸಿದವನೂ ಇದೇ ಆಲ್ಟ್‌ಡಾರ್ಫರ್. ಒಂದು ಕೈ ಎರಡು ಅಚ್ಚು. ಒಂದು, ಹೋದದ್ದಕ್ಕೆ ರಸೀದಿ. ಇನ್ನೊಂದು, ಬಂದದ್ದಕ್ಕೆ ಪ್ರಚಾರ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಒಳಾಂಗಣದ ಖಾಲಿತನ ವಿಷಾದದ್ದೆನ್ನುವುದಕ್ಕಿಂತ ತೆರವಿನ ಆಜ್ಞೆ ಪಾಲನೆಯಾದುದರ ಸಾಕ್ಷಿಯೆನಿಸುತ್ತದೆ. ಅಂದಹಾಗೆ, ಈ ಯಾತ್ರೆಯ ಗದ್ದಲವನ್ನು ಚಿತ್ರಿಸಿದ ಮಿಖಾಯೆಲ್ ಓಸ್ಟೆಂಡಾರ್ಫರನ ಮರದಚ್ಚಿನ ಒಂದು ಪ್ರತಿ ಡ್ಯೂರರ್‌ನ ಬಳಿಯಿತ್ತು. ಇದು ಪವಿತ್ರ ಗ್ರಂಥಕ್ಕೆ ವಿರುದ್ಧವಾದುದು, ಲಾಭಕ್ಕಾಗಿ ಸಹಿಸಿಕೊಂಡದ್ದು ಎಂಬರ್ಥದ ಟಿಪ್ಪಣಿಯನ್ನು ಆತ ಅದರ ಮೇಲೆಯೇ ಬರೆದಿಟ್ಟ. ಆದರೆ ಡ್ಯೂರರನ ಸಿಟ್ಟು ಯಾತ್ರೆಯ ಮೌಢ್ಯದ ಮೇಲೆ. ಉಚ್ಚಾಟಿತರಾದ ಯೆಹೂದಿಗಳ ಪ್ರಸ್ತಾಪ ಅಲ್ಲಿಲ್ಲ.

ಕನ್ನಡದ ಸಂಶೋಧಕರಿಗೆ ಇಲ್ಲಿ ಅಬ್ಬಲೂರು ನೆನಪಾಗದೆ ಇರದು. ಸುಮಾರು ಕ್ರಿ.ಶ. 1200ರ ಅಲ್ಲಿನ ಶಾಸನ, ಏಕಾಂತದ ರಾಮಯ್ಯ ತನ್ನ ತಲೆಯನ್ನರಿದುಕೊಂಡು ಮತ್ತೆ ಪಡೆದ ಪವಾಡವನ್ನೂ ಜಿನಬಿಂಬವನ್ನು ಒಡೆದುದನ್ನೂ ಬಿಜ್ಜಳನಿಂದ ಜಯಪತ್ರ ಪಡೆದುದನ್ನೂ ವರ್ಣಿಸುತ್ತದೆ. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಅದೇ ಘಟನೆಯನ್ನು ಕಂಡರಿಸಿದ ಶಿಲ್ಪಫಲಕಗಳೂ ಅವುಗಳಿಗೆ ಕಿರುಬರೆಹಗಳೂ ಇವೆ. ನಡೆದದ್ದೆಷ್ಟು, ಕಥನವಾದದ್ದೆಷ್ಟು ಎಂಬುದು ಬೇರೆಯ ಚರ್ಚೆ. ನಾನು ಗಮನ ಸೆಳೆಯುತ್ತಿರುವುದು ಒಂದು ರಚನಾ ಸಾಮ್ಯಕ್ಕೆ ಮಾತ್ರ. ಎರಡು ಕಡೆಗಳಲ್ಲೂ ನಾಶದ ದಾಖಲೆಯನ್ನು ಗೆದ್ದವರು ಬರೆದಿದ್ದಾರೆ, ಎರಡು ಕಡೆಗಳಲ್ಲೂ ಚಿತ್ರ ಮತ್ತು ಬರೆಹ ಜೊತೆಗೂಡಿವೆ, ಎರಡು ಕಡೆಗಳಲ್ಲೂ ಪವಾಡ ಸಾಕ್ಷಿ ಹೇಳುತ್ತದೆ. ಇಂಥ ಹೋಲಿಕೆಯನ್ನು ಇಂದಿನ ರಾಜಕಾರಣದ ಲೆಕ್ಕ ತೀರಿಸಲು ಬಳಸುವವರು ಇದ್ದೇ ಇದ್ದಾರೆ. ಅವರಿಗೆ ನಮ್ಮ ಬರೆಹಗಳು ಒದಗಬಾರದು. 16ನೆಯ ಶತಮಾನದ ಜರ್ಮನಿಯ ಅಲ್ಪಸಂಖ್ಯಾತರ ಉಚ್ಚಾಟನೆಯೂ ಕಲ್ಯಾಣದ ಕಾಲದ ಮತಸ್ಪರ್ಧೆಯೂ ಸಾಮಾಜಿಕವಾಗಿ ಒಂದೇ ಬಗೆಯವಲ್ಲ. ಆದರೆ ಗೆದ್ದವರ ಪಠ್ಯದಿಂದಲೇ ಸೋತವರ ಇರವನ್ನು ಓದಿ ತೆಗೆಯುವ ವಿಧಾನ ನಮಗೆ ಪರಿಚಿತ. ಆಲ್ಟ್‌ಡಾರ್ಫರನ ಚಿತ್ರಗಳು ಬೇಡುವುದೂ ಅದೇ ವಿಧಾನವನ್ನು.

ಆ ಓದು ಮುಂದೆ ಸಾಧ್ಯವೂ ಆಯಿತು. 1990ರ ದಶಕದ ಉತ್ಖನನದಲ್ಲಿ ರೇಗನ್ಸ್‌ಬುರ್ಗಿನ ಆ ಚೌಕದ ಕೆಳಗೆ ಸಿನಗಾಗಿನ ಅಡಿಪಾಯ ಸಿಕ್ಕಿತು. ಇಸ್ರೇಲಿನ ಶಿಲ್ಪಿ ದಾನಿ ಕರವಾನ್ ಅದೇ ಸ್ಥಳದಲ್ಲಿ ಅದರ ನೆಲನಕ್ಷೆಯನ್ನು ಬಿಳಿಯ ಉಬ್ಬಿನಲ್ಲಿ ಮೂಡಿಸಿದ. 2005ರಲ್ಲಿ ಅದು ಪೂರ್ಣಗೊಂಡಿತು. ಜನ ಅದರ ಮೇಲೆ ನಡೆಯುತ್ತಾರೆ, ಕೂರುತ್ತಾರೆ. 20ನೆಯ ಶತಮಾನದಲ್ಲಿ ನಗರದಲ್ಲಿ ಕಟ್ಟಿದ ಇನ್ನೊಂದು ಸಿನಗಾಗ್ 1938ರ ನವೆಂಬರಿನಲ್ಲಿ ಸುಡಲ್ಪಟ್ಟಿತ್ತು. ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಾರ್ಥನಾಸ್ಥಳಗಳು ನಾಶವಾದ ದಿನಗಳವು. ಈಗಿರುವ ಹೊಸ ಸಿನಗಾಗ್ 2019ರ ಫೆಬ್ರವರಿಯಲ್ಲಿ, ಅಂದರೆ ಮೊದಲ ನಾಶಕ್ಕೆ ಸರಿಯಾಗಿ 500 ವರ್ಷ ತುಂಬಿದಾಗ ಉದ್ಘಾಟನೆಯಾಯಿತು.

ಇನ್ನು ಪೂರ್ವ ಯೂರೋಪಿನ ಕಡೆ ಬರೋಣ. ಅಲ್ಲಿನ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಅಚ್ಚು ಹಿಡಿದವರು ಆ ಮನೆಯವರೇ. ಮತ್ತು ಅವರ ಕೆಲಸ ನಾಶಕ್ಕೆ ಮೊದಲೇ ಶುರುವಾಗಿತ್ತು.

ಹಿಂದಿನ ಪೋಲೆಂಡ್-ಲಿಥುವೇನಿಯಾ ರಾಜ್ಯದ ಸಣ್ಣ ಪಟ್ಟಣಗಳಲ್ಲಿ, ಯಿಡ್ಡಿಷ್‌ನಲ್ಲಿ 'ಶ್ಟೆಟ್ಲ್' ಎನಿಸಿಕೊಂಡ ಊರುಗಳಲ್ಲಿ, 17 ಮತ್ತು 18ನೆಯ ಶತಮಾನಗಳಲ್ಲಿ ಮರದ ಸಿನಗಾಗ್‌ಗಳು ಎದ್ದವು. ಹೊರಗಿನಿಂದ ಅಂತಸ್ತು ಅಂತಸ್ತಾಗಿ ಇಳಿಜಾರಾದ ಮಾಡು. ಒಳಗೆ ಗುಡಾರದಂತೆ ಮೇಲೇರುವ ಚಾವಣಿ. ಗೋಡೆ ಚಾವಣಿಗಳ ತುಂಬ ಬಣ್ಣದ ಚಿತ್ರಗಳು: ಸಿಂಹ, ಜಿಂಕೆ, ಒಂಟಿಕೊಂಬಿನ ಕುದುರೆ, ರಾಶಿಚಕ್ರ, ಬಳ್ಳಿ. ಮನುಷ್ಯರೂಪವನ್ನು ಬರೆಯಲು ಹಿಂಜರಿಯುವ ಸಂಪ್ರದಾಯ ಪ್ರಾಣಿಲೋಕವನ್ನೆಲ್ಲ ಒಳಕ್ಕೆ ಕರೆದುಕೊಂಡಿತ್ತು. ಕನ್ನಡದವರ ಆಸಕ್ತಿಯನ್ನು ಸೆಳೆಯಬೇಕಾದ ಸಂಗತಿ ಬೇರೊಂದಿದೆ. ಈ ಗೋಡೆಗಳ ಮೇಲೆ ದೊಡ್ಡ ಚೌಕಟ್ಟುಗಳಲ್ಲಿ ಪ್ರಾರ್ಥನೆಗಳನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯಲಾಗುತ್ತಿತ್ತು. ಮುದ್ರಿತ ಗ್ರಂಥ ಕೊಳ್ಳಲಾಗದವರು ಗೋಡೆಯನ್ನೇ ಓದಬಹುದಿತ್ತು. ಗೋಡೆ ಇಲ್ಲಿ ಕಟ್ಟಡದ ಭಾಗವಾಗಿರುವಂತೆಯೇ ಪುಸ್ತಕವೂ ಆಗಿತ್ತು. ಇಂದು ಉಕ್ರೇನಿನಲ್ಲಿರುವ ಗ್ವೊಜ್ಜೆಟ್ಸ್ ಎಂಬಲ್ಲಿನ ಸಿನಗಾಗ್ ಈ ಚಿತ್ರಕಲೆಯ ಅತ್ಯುತ್ತಮ ಮಾದರಿ ಎನಿಸಿತ್ತು. ಬಣ್ಣ ಬಳಿದ ಆ ದೊಡ್ಡ ಸಿನಗಾಗ್‌ಗಳಲ್ಲಿ ಒಂದೂ ಇಂದು ಉಳಿದಿಲ್ಲ. ಮೊದಲ ಮಹಾಯುದ್ಧ ಕೆಲವನ್ನು ನುಂಗಿತು. ಮಿಕ್ಕವನ್ನು ನಾಜಿಗಳು, ಅವುಗಳಲ್ಲಿ ಕೂಡುತ್ತಿದ್ದ ಜನರ ಜೊತೆಯಲ್ಲೇ ಇಲ್ಲವಾಗಿಸಿದರು. ಲಿಥುವೇನಿಯಾದಲ್ಲಿ ತೀರ ಸರಳವಾದ, ಕೊಂಚ ಈಚಿನ ಕೆಲವು ಮಾತ್ರ ಇವೆ.

'ದಿಬ್ಬುಕ್' ನಾಟಕದ ಕರ್ತೃವಾಗಿ ಪ್ರಸಿದ್ಧನಾದ ಎಸ್. ಅನ್-ಸ್ಕಿ 1912ರಿಂದ 1914ರವರೆಗೆ ವೊಲ್ಹೀನಿಯಾ, ಪೊದೋಲಿಯಾ ಪ್ರಾಂತಗಳಲ್ಲಿ ಯೆಹೂದಿ ಜಾನಪದ ಸಂಗ್ರಹದ ಯಾತ್ರೆ ಕೈಗೊಂಡ. ಹಾಡು, ಕತೆ, ನಂಬಿಕೆ, ಹಸ್ತಪ್ರತಿ, ಪೂಜಾವಸ್ತು ಎಲ್ಲವನ್ನೂ ಕಲೆಹಾಕಿದ ಕ್ಷೇತ್ರಕಾರ್ಯವದು. ನಮ್ಮ ಜಾನಪದ ವಿಭಾಗಗಳ ಪಠ್ಯಕ್ರಮದಲ್ಲಿ ಗ್ರಿಮ್ ಸಹೋದರರಿಗೆ ಸಿಗುವ ಜಾಗದಲ್ಲಿ ಒಂದಂಶವಾದರೂ ಈತನಿಗೆ ಸಿಗಬೇಕಿತ್ತು. ಯಾತ್ರೆಯ ಛಾಯಾಗ್ರಾಹಕನಾಗಿ ಹೋದವನು ಅವನ ಬಂಧು, ತರುಣ ಸೊಲೊಮನ್ ಯುದೊವಿನ್. ಕ್ಯಾಮರಾ ಹಿಡಿದು ಹೋದವನು ಮರಳಿದ್ದು ಅಚ್ಚುಕಲಾವಿದನಾಗಿ. ಸಮಾಧಿಶಿಲೆಗಳ ಮೇಲಿನ ಸಿಂಹ, ಹಕ್ಕಿ, ಬಳ್ಳಿಗಳೇ ಮೊದಲಾದ ಜನಪದ ಅಲಂಕಾರಗಳನ್ನು ಲಿನೋ ಅಚ್ಚಿನಲ್ಲಿ ಕೊರೆದು 1920ರಲ್ಲಿ ವಿಟೆಬ್ಸ್ಕ್ ನಗರದಲ್ಲಿ ಪ್ರಕಟಿಸಿದ. ಮುಂದೆ ಅದೇ ನಗರದ ಹಳೆಯ ಓಣಿಗಳು, ಮರದ ಮನೆಗಳು, ಪ್ರಾರ್ಥನಾಸ್ಥಳಗಳು ಅವನ ಮರದಚ್ಚಿನಲ್ಲಿ ಮೂಡಿದವು. ಛಾಯಾಚಿತ್ರ ಕೈಯಲ್ಲಿದ್ದೂ ಅದನ್ನೇಕೆ ಮತ್ತೆ ಕೊರೆಯಬೇಕು? ಸಮಾಧಿಶಿಲೆಯ ಮೇಲಿದ್ದುದು ಉಳಿಯ ಗೆರೆ. ಉಳಿಯ ಗೆರೆಯನ್ನು ಮತ್ತೆ ಉಳಿಯಿಂದಲೇ ಹಿಂಬಾಲಿಸಿದಾಗ ನಕಲು ಮಾಡುವವನ ಕೈ ಮೂಲ ಶಿಲ್ಪಿಯ ಕೈಯ ಚಲನೆಯನ್ನು ಪುನರಭಿನಯಿಸುತ್ತದೆ. ಯುದೊವಿನ್ ಹೀಗೆಂದು ಬರೆದಿಟ್ಟಿದ್ದಾನೆಂದು ನಾನು ಹೇಳುತ್ತಿಲ್ಲ. ಅವನ ಕೆಲಸವನ್ನು ಹೀಗೆ ಓದಬಹುದು ಎನ್ನುತ್ತಿದ್ದೇನೆ.

1916ರ ಸುಮಾರಿಗೆ ಇನ್ನಿಬ್ಬರು ತರುಣರು, ಎಲ್ ಲಿಸಿಟ್ಸ್ಕಿ ಮತ್ತು ಇಸ್ಸಾಕರ್ ಬೇರ್ ರಿಬಾಕ್, ದ್ನೀಪರ್ ನದಿಯ ಸೀಮೆಯ ಸಿನಗಾಗ್‌ಗಳನ್ನು ನೋಡಲು ಹೋದರು. ಮೊಗಿಲೆವ್‌ನ ಮರದ ಸಿನಗಾಗಿನ ಚಿತ್ರಗಳನ್ನು ಲಿಸಿಟ್ಸ್ಕಿ ನಕಲು ಮಾಡಿಕೊಂಡ. ಆ ಭೇಟಿಯ ನೆನಪುಗಳನ್ನು 1923ರಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಬರೆದ. ಆ ಹೊತ್ತಿಗೆ ಅವನು ರೇಖಾಗಣಿತದ ಅಮೂರ್ತ ಕಲೆಯತ್ತ ಹೊರಳಿಯಾಗಿತ್ತು. ಆಧುನಿಕತೆಗೆ ಬೆನ್ನು ತೋರಿಸಿ ಪರಂಪರೆಗೆ ಮರಳಿದವರು ಇವರಲ್ಲ. ಪರಂಪರೆಯ ಮೂಲಕವೇ ಆಧುನಿಕರಾದವರು. ನಮ್ಮಲ್ಲಿ ನವೋದಯದ ಲೇಖಕರು ಜನಪದ ಮಟ್ಟುಗಳ ಕಡೆಗೆ ಹೋದುದನ್ನು ಇದರ ಜೊತೆಗಿಟ್ಟು ನೋಡಬಹುದು. ರಿಬಾಕನ ದಾರಿ ಬೇರೆಯಾಯಿತು. ಅಂತರ್ಯುದ್ಧದ ವರ್ಷಗಳಲ್ಲಿ ಉಕ್ರೇನಿನಲ್ಲಿ ನಡೆದ ಯೆಹೂದಿಗಳ ಸಾಮೂಹಿಕ ಹತ್ಯೆಗಳಲ್ಲಿ ಅವನ ತಂದೆ ಕೊಲೆಯಾದ. 1920ರ ದಶಕದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಅವನು ಪ್ರಕಟಿಸಿದ ಕಲ್ಲಚ್ಚುಗಳ ಸಂಪುಟಕ್ಕೆ 'ಶ್ಟೆಟ್ಲ್' ಎಂದು ಹೆಸರು. ಹಾಳಾದ ನನ್ನ ಮನೆ ಎಂಬರ್ಥದ ಉಪಶೀರ್ಷಿಕೆಯೂ ಅದಕ್ಕಿದೆ. ಅದರ ಪುಟಗಳಲ್ಲಿ ಕಟ್ಟಡಗಳಿಗಿಂತ ಹೆಚ್ಚಾಗಿ ಜನರಿದ್ದಾರೆ: ಕಸುಬುದಾರರು, ಮದುವೆಯವರು, ಓದುವವರು, ಮುದುಕರು. ಮನೆಗಳು ಸೊಟ್ಟಗಾಗಿ ಒಂದನ್ನೊಂದು ಒರಗಿಕೊಂಡಿವೆ.

ಆಲ್ಟ್‌ಡಾರ್ಫರನ ಬರಿದಾದ ಒಳಾಂಗಣ ಮತ್ತು ರಿಬಾಕನ ಕಿಕ್ಕಿರಿದ ಪುಟ, ಇವೆರಡರ ನಡುವಣ ದೂರವೇ ನನ್ನ ವಾದದ ತಿರುಳು. ಮೊದಲನೆಯದು ಕಟ್ಟಡವನ್ನು ಕಮಾನು ಕಮಾನಾಗಿ ಉಳಿಸಿದೆ, ಕೂಟವನ್ನು ಹೊರಗಟ್ಟಿದೆ. ಎರಡನೆಯದು ಅಳತೆಯ ದೃಷ್ಟಿಯಿಂದ ನಂಬಲಾಗದ್ದು. ಅದನ್ನಿಟ್ಟುಕೊಂಡು ಯಾವ ಬಡಗಿಯೂ ಒಂದು ತೊಲೆಯನ್ನೂ ಕೂಡಿಸಲಾರ. ಆದರೆ ಕೂಟ ಅಲ್ಲಿದೆ. ವಾಸ್ತುಚರಿತ್ರೆಯ ವಿದ್ವಾಂಸರಿಗೆ ಮೊದಲನೆಯದು ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಸಹಜ. ಸ್ಮರಣೆಯನ್ನು ಕುರಿತು ಬರೆಯುವವರೂ ಅದನ್ನೇ ಮುಂದಿಡುವುದು ಮಾತ್ರ ನನಗೆ ಸರಿಕಾಣದು.

ಮೂರನೆಯ ಬಗೆಯೊಂದಿದೆ, ಅದನ್ನು ನಿರ್ಣಯಿಸುವುದು ಸುಲಭವಲ್ಲ. ಎರಡು ಮಹಾಯುದ್ಧಗಳ ನಡುವೆ ವಾರ್ಸಾ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕ ಆಸ್ಕರ್ ಸೊಸ್ನೊವ್ಸ್ಕಿಯ ಮುಂದಾಳ್ತನದಲ್ಲಿ ವಾಸ್ತುವಿದ್ಯಾರ್ಥಿಗಳು ಮರದ ಸಿನಗಾಗ್‌ಗಳನ್ನು ಅಳೆದು ನಕ್ಷೆ ಬರೆದರು. ಯೆಹೂದಿ ವಿದ್ವಾಂಸ ಶಿಮೊನ್ ಜಾಯ್ಚಿಕ್ ಊರೂರು ತಿರುಗಿ ಛಾಯಾಚಿತ್ರ ತೆಗೆದ. ಸೊಸ್ನೊವ್ಸ್ಕಿ 1939ರ ವಾರ್ಸಾ ಮುತ್ತಿಗೆಯಲ್ಲಿ ಸತ್ತ. ಜಾಯ್ಚಿಕ್ ಯುದ್ಧಕಾಲದಲ್ಲೇ ಹತನಾದ. ನಕ್ಷೆಗಳಲ್ಲಿ ಒಂದು ಭಾಗ ಕ್ರೈಸ್ತ ಮಠವೊಂದರಲ್ಲಿ ಬಚ್ಚಿಟ್ಟದ್ದರಿಂದ ಉಳಿಯಿತು. ಅದನ್ನು ಆಧರಿಸಿ ಮರಿಯಾ ಮತ್ತು ಕಾಜಿಮೇಜ್ ಪ್ಯೆಹೊಟ್ಕಾ ದಂಪತಿಗಳು ಮರದ ಸಿನಗಾಗ್‌ಗಳನ್ನು ಕುರಿತ ಗ್ರಂಥವನ್ನು 1957ರಲ್ಲಿ ಹೊರತಂದರು. ಅದರ ಇಂಗ್ಲಿಷ್ ಆವೃತ್ತಿಯ ಪ್ರತಿಯೊಂದನ್ನು 1970ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ರಿಚರ್ಡ್ ಮೆಯರ್, ಆಸ್ಪತ್ರೆಯಲ್ಲಿದ್ದ ಕಲಾವಿದ ಫ್ರ್ಯಾಂಕ್ ಸ್ಟೆಲ್ಲಾನಿಗೆ ಕೊಟ್ಟ. ಆ ಓದಿನಿಂದ ಹುಟ್ಟಿದ್ದು ನೂರಕ್ಕೂ ಹೆಚ್ಚು ಕೃತಿಗಳ 'ಪೋಲಿಷ್ ಹಳ್ಳಿ' ಸರಣಿ. 1975ರಲ್ಲಿ ಮುದ್ರಣತಜ್ಞ ಕೆನೆತ್ ಟೈಲರನ ಜೊತೆಗೂಡಿ ಸ್ಟೆಲ್ಲಾ ಆ ಸರಣಿಯ ವಿನ್ಯಾಸಗಳನ್ನೇ ಕಾಗದಕ್ಕೆ ತಂದ. ಹಸಿಯಾದ ಕಾಗದದ ತಿರುಳನ್ನು ಅಚ್ಚಿಗೆ ಹಾಕಿ ಉಬ್ಬುತಗ್ಗುಗಳನ್ನು ಎಬ್ಬಿಸಿ, ಪ್ರತಿಯೊಂದು ಪ್ರತಿಗೂ ಕೈಯಿಂದಲೇ ಬೇರೆ ಬೇರೆ ಬಣ್ಣ ಕೊಟ್ಟ ಕೃತಿಗಳವು. ಗ್ರೊದ್ನೊ, ಒಲಿಕಾ, ಬೊಗೋರಿಯಾ, ಇವು ಅವುಗಳ ಶೀರ್ಷಿಕೆಗಳು. ಸಿನಗಾಗ್ ಇದ್ದ, ಈಗ ಇಲ್ಲದ ಊರುಗಳ ಹೆಸರುಗಳು.

ಈ ಕೃತಿಗಳಲ್ಲಿ ಮಾಡು, ಕಂಬ, ಗೋಡೆ ಯಾವುದೂ ಗುರುತು ಸಿಗುವುದಿಲ್ಲ. ಕೋನಗಳು ಒಂದರೊಳಗೊಂದು ಕಚ್ಚಿಕೊಂಡಿವೆ, ಅಷ್ಟೆ. ಸ್ಟೆಲ್ಲಾ ಯೆಹೂದಿಯೂ ಅಲ್ಲ. ಇಟಲಿಯ ಮೂಲದ ಕ್ಯಾಥೊಲಿಕ್ ಮನೆತನದವನು. ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಜನರೂ ಇಲ್ಲದ, ಕಟ್ಟಡವೂ ಇಲ್ಲದ, ಕಲಾವಿದನಿಗೆ ಆ ಸಮುದಾಯದ ಸಂಬಂಧವೂ ಇಲ್ಲದ ಕೃತಿಗೆ ಊರಿನ ಹೆಸರಿಟ್ಟ ಮಾತ್ರಕ್ಕೆ ಅದು ಸ್ಮಾರಕವಾದೀತೆ? ಹತರಾದವರ ಊರನ್ನು ಅಮೆರಿಕದ ಕಲಾಮಾರುಕಟ್ಟೆಯ ಸರಕಿಗೆ ಹೆಸರಾಗಿಸಿದಂತಾಗಲಿಲ್ಲವೆ? ಈ ಆಕ್ಷೇಪಕ್ಕೆ ಬಲವಿದೆ. ಆದರೂ ನಾನು ಸ್ಟೆಲ್ಲಾನ ಪರ ನಿಲ್ಲುತ್ತೇನೆ. ಅದಕ್ಕೆ ಕಾರಣ ಅವನ ಸಂಕೋಚ. ಅವನು ನೋಡಿದ್ದು ಕಟ್ಟಡವನ್ನಲ್ಲ, ಕಟ್ಟಡದ ನಕ್ಷೆಯನ್ನು, ಅದೂ ಪುಸ್ತಕದಲ್ಲಿ. ತಾನು ಕಾಣದ ಕೂಟವನ್ನು ಕಂಡವನಂತೆ ಅವನು ಚಿತ್ರಿಸಲಿಲ್ಲ. ಅಳುವವರ ಮುಖಗಳನ್ನು ಕಲ್ಪಿಸಿಕೊಳ್ಳಲಿಲ್ಲ. ಮರಕ್ಕೆ ಮರ ಕಚ್ಚುವ ಬಡಗಿಯ ಜಾಣ್ಮೆಯೊಂದು ತನಗೆ ದಕ್ಕಿತು, ಅದನ್ನು ಮಾತ್ರ ಎತ್ತಿಕೊಂಡ. ಮಿಕ್ಕದ್ದಕ್ಕೆ ಊರಿನ ಹೆಸರನ್ನಿಟ್ಟು ಸುಮ್ಮನಾದ. 2016ರಲ್ಲಿ ವಾರ್ಸಾದ ಪೊಲಿನ್ ವಸ್ತುಸಂಗ್ರಹಾಲಯದಲ್ಲಿ ಸ್ಟೆಲ್ಲಾನ ಈ ಸರಣಿಯ ಪ್ರದರ್ಶನ ನಡೆಯಿತು. ಗ್ವೊಜ್ಜೆಟ್ಸ್ ಸಿನಗಾಗಿನ ಮಾಡು ಮತ್ತು ಬಣ್ಣದ ಚಾವಣಿಯನ್ನು ನೂರಾರು ಸ್ವಯಂಸೇವಕರು ಹಳೆಯ ಕಾಲದ ಉಪಕರಣಗಳನ್ನೇ ಬಳಸಿ, ಮೂಲದ ಶೇಕಡಾ 85ರಷ್ಟು ಅಳತೆಯಲ್ಲಿ ಮರುಕಟ್ಟಿದ್ದು ಇರುವುದೂ ಅದೇ ಕಟ್ಟಡದಲ್ಲಿ. ಪಡಿಯಚ್ಚಿನಂಥ ಪುನರ್ನಿರ್ಮಾಣ, ಅಮೂರ್ತವಾದ ಉಬ್ಬುಕಾಗದ, ಎರಡೂ ಒಂದೇ ಸೂರಿನಡಿ ಕೂಡಿದ ಆ ಸಂದರ್ಭ ಈ ಚರ್ಚೆಯ ಮಟ್ಟಿಗೆ ಮುಖ್ಯವಾದುದು.

ಪಡಿಯಚ್ಚು ಎಂಬ ಮಾತು ಬಂತು. ಅಚ್ಚುಚಿತ್ರವೆಂಬುದು ನಮಗೆ ಹೊರಗಿನ ಕಲೆ, ಕಲಾಶಾಲೆಗಳ ವಿಷಯ ಎಂದು ಕನ್ನಡ ವಿಭಾಗಗಳವರು ಭಾವಿಸಿದ್ದೇವೆ. ಕಲ್ಲಚ್ಚು ಎಂಬ ಪದ ಕನ್ನಡಕ್ಕೆ ಹೊಸದೇನಲ್ಲ. 1843ರ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲೇ. ಅದಕ್ಕಿಂತ ಮುಖ್ಯವಾಗಿ, ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿಯ ಚೆಂಡನ್ನೊತ್ತಿ ತೆಗೆಯುವ ಪ್ರತಿ ಅಚ್ಚುಕಲೆಯಲ್ಲದೆ ಬೇರೇನು? ತಾಂತ್ರಿಕವಾಗಿ ಅದಕ್ಕೊಂದು ವಿಶೇಷವೂ ಇದೆ. ತಗಡಿನಿಂದಾಗಲಿ ಮರದಿಂದಾಗಲಿ ತೆಗೆದ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಹೀಬ್ರೂವಿನಂಥ 'ಬಲದಿಂದ ಎಡಕ್ಕೆ' ಸಾಗುವ ಲಿಪಿಯನ್ನು ಕೊರೆಯುವವನು ಎಡದಿಂದ ಬಲಕ್ಕೆ, ತಿರುವುಮುರುವಾಗಿ ಕೊರೆಯಬೇಕು. ಪಡಿಯಚ್ಚಿನಲ್ಲಿ ಮಸಿ ಬೀಳುವುದು ಕಾಗದದ ಹೊರಮೈಗೆ. ಆದ್ದರಿಂದ ಅಕ್ಷರ ನೇರವಾಗಿಯೇ, ಕರಿಯ ನೆಲದ ಮೇಲೆ ಬೆಳ್ಳಗೆ ನಿಲ್ಲುತ್ತದೆ. ನಡುವೆ ಚಿತ್ರಕಾರನ ಕಣ್ಣಿಲ್ಲ. ಕಲ್ಲು ಮುಟ್ಟಿದ ಕಾಗದವೇ ಸಾಕ್ಷಿ.

ಕಾಗದ ಕಾಯುತ್ತದೆ ಎಂಬುದಕ್ಕೆ ಕರಾವಳಿಯ ಚರಿತ್ರೆಯೇ ನಿದರ್ಶನ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ಮಾಡಿದ ಯೆಹೂದಿ ಅಬ್ರಹಾಂ ಬೆನ್ ಯಿಜು, ಅವನ ಸೇವಕ ಬೊಮ್ಮ, ಇವರ ಸಂಗತಿ ನಮಗೆ ತಿಳಿದದ್ದು ಕೈರೋ ಬಳಿಯ ಬೆನ್ ಎಜ್ರಾ ಸಿನಗಾಗಿನ 'ಗೆನಿಜಾ' ಎಂಬ ಕೋಣೆಯಲ್ಲಿ ಉಳಿದ ಪತ್ರಗಳಿಂದ. ದೇವರ ಹೆಸರಿರಬಹುದಾದ ಯಾವ ಬರೆಹವನ್ನೂ ಹರಿದೆಸೆಯಬಾರದೆಂಬ ನಿಯಮದಿಂದ ಬಳಸಿಬಿಟ್ಟ ಕಾಗದಗಳನ್ನೆಲ್ಲ ಅಲ್ಲಿ ಹಾಕಿಡುತ್ತಿದ್ದರು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯಿಂದ ಈ ಸಂಗತಿ ವಿದ್ವದ್ವಲಯದಾಚೆಗೂ ತಿಳಿಯಿತು. ತುಳುನಾಡಿನ ಬೊಮ್ಮನ ಹೆಸರನ್ನು ಎಂಟು ಶತಮಾನಗಳ ಕಾಲ ಕಾಪಾಡಿದ್ದು ಒಂದು ಸಭಾಮಂದಿರ.

ನಮ್ಮ ಪಡಿಯಚ್ಚುಗಳ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಿ.ಎಲ್. ರೈಸ್ 1886ರಿಂದ ಹೊರತರತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಕಾಲದಿಂದ ಇಲ್ಲಿಯವರೆಗೆ ತೆಗೆದ ಅಚ್ಚುಗಳು ಎಷ್ಟೋ. ಮೈಸೂರಿನ ಕೇಂದ್ರ ಶಾಸನಶಾಸ್ತ್ರ ಕಚೇರಿಯಲ್ಲಿಯೂ ವಿಶ್ವವಿದ್ಯಾಲಯಗಳ ಸಂಗ್ರಹಗಳಲ್ಲಿಯೂ ಅವು ಮಡಿಕೆ ಮಡಿಕೆಯಾಗಿ ಇವೆ. ಅವುಗಳ ಮೂಲಶಿಲೆಗಳಲ್ಲಿ ಕೆಲವು ರಸ್ತೆ, ಕೆರೆ, ಮನೆಗಳ ಕೆಲಸದಲ್ಲಿ ಒಡೆದುಹೋಗಿವೆ. ಪಾಠವನ್ನು ಓದಿ ಮುದ್ರಿಸಿದ ಮೇಲೆ ಅಚ್ಚಿನ ಕೆಲಸ ಮುಗಿಯಿತು ಎಂಬುದು ನಮ್ಮ ರೂಢಿಯ ಧೋರಣೆ. ಶಾಸನವೆಂದರೆ ಪಠ್ಯ, ಕಲ್ಲು ಅದರ ವಾಹಕ, ಅಚ್ಚು ಆ ವಾಹಕದ ವಾಹಕ ಎಂಬ ಶ್ರೇಣೀಕರಣವನ್ನು ನಾವು ಪ್ರಶ್ನಿಸಿಲ್ಲ. ಕಲ್ಲು ಅಳಿದ ಗಳಿಗೆಯಲ್ಲಿ ಅಚ್ಚು ಪ್ರತಿಯೆಂಬ ಪಟ್ಟದಿಂದ ಸ್ಮಾರಕವೆಂಬ ಪಟ್ಟಕ್ಕೆ ಏರುತ್ತದೆ. ಹಾಗೆ ಏರಿದ ಅಚ್ಚುಗಳು ಯಾವುವು ಎಂಬ ಪಟ್ಟಿಯನ್ನು ಮಾಡುವ ಕೆಲಸವನ್ನು ಯಾವುದಾದರೊಂದು ವಿಭಾಗ ಒಂದು ಜಿಲ್ಲೆಯ ಮಟ್ಟಿಗಾದರೂ ಕೈಗೆತ್ತಿಕೊಳ್ಳಬಹುದು. ಅಂಕೀಕರಣದ ಸೌಲಭ್ಯವಿರುವ ಈ ಕಾಲದಲ್ಲಿ ಇದು ಅಸಾಧ್ಯವಾದುದೇನಲ್ಲ.

ಆ ಪಟ್ಟಿಯಲ್ಲಿ ಶಾಸನದ ಕಾಲ, ರಾಜವಂಶ, ದತ್ತಿಯ ವಿವರಗಳ ಜೊತೆಗೆ ಇನ್ನೂ ಕೆಲವು ಅಂಕಣಗಳಿರಬೇಕೆಂಬುದು ನನ್ನ ಸಲಹೆ. ಅಚ್ಚು ತೆಗೆದ ದಿನ ಯಾವುದು, ಅಂದು ಕಲ್ಲು ಎಲ್ಲಿ ಯಾವ ಸ್ಥಿತಿಯಲ್ಲಿತ್ತು, ಕಲ್ಲನ್ನು ಆ ಊರಿನವರು ಏನೆಂದು ಕರೆಯುತ್ತಿದ್ದರು, ಅದಕ್ಕೆ ಎಣ್ಣೆ ಕುಂಕುಮ ಹಾಕುತ್ತಿದ್ದರೇ ಅಥವಾ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರೇ, ನೀರು ಹೊತ್ತು ಕಾಗದ ಬಡಿದವರು ಯಾರು, ಕಲ್ಲು ಯಾವಾಗ ಯಾರ ಕೈಯಲ್ಲಿ ಒಡೆಯಿತು. ಕೊನೆಯದರ ಉತ್ತರವನ್ನು ಬರೆಯುವಾಗ ಕರ್ಮಣಿ ಪ್ರಯೋಗವನ್ನು ಬಿಟ್ಟು ಕರ್ತರಿಯಲ್ಲೇ ಬರೆಯಬೇಕು.